ಡಿಕ್ಕಿಯಲ್ಲಿ ಉಕ್ಕಿದ ದೋಸೆ ಹಿಟ್ಟು

ಟೊಯೋಟಾ ಎಂಆರ್2 ನೋಡಲು ಚೆಂದದ ಗಾಡಿ. 1989ರಿಂದ 1999ರವರೆಗೆ ತಯಾರಾದ ಅದರ ಎರಡನೆಯ ತಲೆಮಾರನ್ನಂತೂ ದೂರದಿಂದ ಕಂಡವರು ಫೆರಾರಿ ಎಂದೇ ಮೋಸಹೋಗುತ್ತಾರೆ. ಸೀಟಿನ ಬೆನ್ನಿಗೆ ಎಂಜಿನ್, ಎಂಜಿನ್ನಿನ ಬೆನ್ನಿಗೆ ಡಿಕ್ಕಿ, ಡಿಕ್ಕಿಯ ಅಡಿಗೆ ಸೈಲೆನ್ಸರ್. ಸಾಮಾನು ಇಡುವ ಜಾಗಕ್ಕೆ ಮುಂದಿನಿಂದಲೂ ಕಾವು, ಕೆಳಗಿನಿಂದಲೂ ಕಾವು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲೋ ಸನಿವೇಲಿನಲ್ಲೋ ಇಂಥದ್ದೊಂದು ಹಳೇ ಗಾಡಿ ಕೊಂಡ ಕನ್ನಡಿಗರು ಇಂಡಿಯನ್ ಅಂಗಡಿಯ ದೋಸೆ ಹಿಟ್ಟನ್ನು ಡಿಕ್ಕಿಗೆ ಹಾಕಿ ಸಂಜೆಯ ಟ್ರಾಫಿಕ್ಕಿಗೆ ಸಿಕ್ಕಿಕೊಂಡರೆ, ಹಿಟ್ಟು ಡಬ್ಬದ ಮುಚ್ಚಳ ತಳ್ಳಿಕೊಂಡು ಕಾರ್ಪೆಟ್ಟಿಗೆ ಇಳಿದಿರುತ್ತದೆ. ಚಳಿಗಾಲದಲ್ಲಿ ಓವನ್ನಿನ ಲೈಟು ಹಚ್ಚಿಟ್ಟು ಹಿಟ್ಟು ಹುಳಿ ಬರಲಿ ಎಂದು ಕಾಯುವವರಿಗೆ ಇದು ವರವೇ. ಆದರೆ ಚಾಕೊಲೇಟ್ ಕರಗಲು 34 ಡಿಗ್ರಿ ಸೆಲ್ಸಿಯಸ್ ಸಾಕು, ಬೆಣ್ಣೆಗೆ ಅಷ್ಟೂ ಬೇಡ.

ಮುಂದಿನ ಬಾನೆಟ್ಟಿನ ಕೆಳಗೆ ಇಡೋಣವೆಂದರೆ ಅಲ್ಲಿ ಸ್ಟೆಪ್ನಿ ಮಲಗಿದೆ, ಅದರ ಮುಂದೆ ರೇಡಿಯೇಟರ್ ಇದೆ. ಎಂಜಿನ್ ಹಿಂದಿದ್ದರೂ ರೇಡಿಯೇಟರನ್ನು ಮುಂದಿಟ್ಟ ಪುಣ್ಯಾತ್ಮರು ಎರಡೂ ತುದಿಗೆ ಕಾವು ಹಂಚಿ ನ್ಯಾಯ ಮಾಡಿದ್ದಾರೆ.

ಬಿಸಿ ಡಿಕ್ಕಿಯ ಮಾಲೀಕರು ಮೊದಲು ಮಾಡುವ ಕೆಲಸವೆಂದರೆ ಆನ್‌ಲೈನಿನಲ್ಲಿ ಬೆಳ್ಳಿ ಬಣ್ಣದ ಹಾಳೆ ತರಿಸಿ ಡಿಕ್ಕಿಯ ಒಳಗೋಡೆಗೆಲ್ಲ ಮೆತ್ತುವುದು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಹಾಳೆ ಮೆತ್ತಿದ ಮೇಲೂ ಲೋಹದ ನೆಲ ಕಾಯುತ್ತಲೇ ಇರುತ್ತದೆ. ಕಾವು ಒಳಗೆ ಬರುವುದು ತಡವಾಗುತ್ತದೆ ಅಷ್ಟೆ, ಅರ್ಧ ಗಂಟೆಯ ಪ್ರಯಾಣದಲ್ಲಿ ಕೈಗೆ ಸಿಗುವ ಲಾಭ ಅಲ್ಪ. ಅದರಲ್ಲೂ ಗುಳ್ಳೆ ಪ್ಲಾಸ್ಟಿಕ್ಕಿನ ಹಾಳೆ ಇನ್ನೂ ಮಜಾ: ಪಾಲಿಥೀನು 110 ಡಿಗ್ರಿಯ ಆಸುಪಾಸಿನಲ್ಲಿ ಕರಗಿ, ಸೈಲೆನ್ಸರಿನ ನೆತ್ತಿಯ ಮೇಲಿನ ನೆಲಕ್ಕೆ ಅಂಟಿ, ಕೆರೆದರೂ ಬರುವುದಿಲ್ಲ. ಡಾಂಬರು ಬೆರೆತ ಸೌಂಡ್ ಮ್ಯಾಟ್ ಶಬ್ದಕ್ಕೆ ಮದ್ದು, ಬಿಸಿಗಲ್ಲ. ಕಾದರೆ ಅದೂ ಜಾರಿ, ಡಿಕ್ಕಿ ತೆರೆದಾಗಲೆಲ್ಲ ಆಗಷ್ಟೇ ರಸ್ತೆ ಹಾಕಿದ ವಾಸನೆ.

ಹಾಳೆಗೆ ಕೈ ಹಾಕುವ ಮೊದಲು ಮೂಗಿಗೆ ಕೆಲಸ ಕೊಡಬೇಕು. ಡಿಕ್ಕಿಯಲ್ಲಿ ಹೊಗೆಯ ವಾಸನೆ ಇದ್ದರೆ ಅದು ಬರೀ ಕಾವಲ್ಲ, ಸೋರಿಕೆ. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ತಲೆನೋವಿನಿಂದ ಶುರುವಾಗಿ ಪ್ರಾಣಕ್ಕೇ ಬರುತ್ತದೆ. ಇದೊಂದು ತಮಾಷೆಯ ವಿಷಯವಲ್ಲ. ಬೆಳಿಗ್ಗೆ ತಣ್ಣಗಿರುವಾಗ, ಬಯಲಿನಲ್ಲಿ ಎಂಜಿನ್ ಚಾಲೂ ಮಾಡಿ, ದಪ್ಪ ಗ್ಲೌಸು ಹಾಕಿಕೊಂಡು ಒದ್ದೆ ಬಟ್ಟೆಯಿಂದ ಹೊಗೆಕೊಳವೆಯ ಬಾಯನ್ನು ಎರಡು ಮೂರು ಸೆಕೆಂಡು ಮುಚ್ಚಿದರೆ, ಕೊಳವೆಗಳ ಜೋಡಣೆಯ ನಡುವೆ ಹಳಸಿದ ಗ್ಯಾಸ್ಕೆಟ್ಟಿನ ಕಡೆಯಿಂದ ಪುಸ್ ಪುಸ್ ಕೇಳುತ್ತದೆ. ಆ ಜೋಡಣೆಗೆ ಸೋಪಿನ ನೀರು ಸವರಿದರೆ ಗುಳ್ಳೆ ಏಳುತ್ತದೆ. ಡಿಕ್ಕಿಯ ರಬ್ಬರ್ ಬೀಡಿಂಗಿಗೆ ನೋಟೊಂದನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ನೋಟು ನಿಮ್ಮದೇ, ಬೀಡಿಂಗ್ ಮಾತ್ರ ಹೋಗಿದೆ. ನೆಲದಲ್ಲಿ ವೈರು ಹಾದುಹೋಗುವ ತೂತುಗಳ ರಬ್ಬರ್ ಬಿರಡೆಗಳನ್ನೂ ಮುಟ್ಟಿ ನೋಡಬೇಕು.

ಇದುವರೆಗೆ ಸುಮ್ಮನಿದ್ದ ಡಿಕ್ಕಿ ಇದ್ದಕ್ಕಿದ್ದಂತೆ ಕಾಯತೊಡಗಿದರೆ ತಪ್ಪು ಡಿಕ್ಕಿಯದಲ್ಲ. ಸ್ಪಾರ್ಕ್ ಪ್ಲಗ್ಗು ಕೈಕೊಟ್ಟರೆ ಉರಿಯದ ಪೆಟ್ರೋಲು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಪ್ಲಗ್ಗು ಕಿಡಿ ಹಾರಿಸುವ ಟೈಮಿಂಗ್ ಹಿಂದಕ್ಕೆ ಸರಿದು ತಡವಾಗುತ್ತಿದ್ದರೂ ಹೊಗೆಯ ಬಿಸಿ ಏರುತ್ತದೆ. ಮೆಕ್ಯಾನಿಕ್ ಮೊದಲು ಆ ಕಡೆ ನೋಡಲಿ.

ಇಷ್ಟೆಲ್ಲ ಸರಿಯಿದ್ದೂ ಕಾಯುತ್ತಿದ್ದರೆ ಗಾಡಿಯಡಿಗೆ ತೂರಿ ನೋಡಿ: ಕಂಪನಿಯವರು ಕಾವು ತಡೆಯಲೆಂದು ಸೈಲೆನ್ಸರಿನ ಮೇಲೆ ಹಾಕಿದ್ದ ತಗಡು ಇದೆಯೇ? ಎಷ್ಟೋ ಹಳೇ ಗಾಡಿಗಳಲ್ಲಿ ಇರುವುದಿಲ್ಲ. ಬೋಲ್ಟಿನ ತೂತು ತುಕ್ಕು ತಿಂದು ಅಗಲವಾಗಿ ತಗಡು ಕಿಣಿಕಿಣಿ ಎನ್ನುತ್ತಿತ್ತು, ಯಾವನೋ ಹಿಂದಿನ ಮಾಲೀಕ ಅದನ್ನು ಕಿತ್ತೆಸೆದು ನೆಮ್ಮದಿಯಾಗಿದ್ದ. 25 ಮಿಲಿಮೀಟರ್ ಅಗಲದ ಸ್ಟೀಲ್ ವಾಷರನ್ನು ಬೋಲ್ಟಿನ ತಲೆಯಡಿ ಹಾಕಿದ್ದರೆ ಸದ್ದು ನಿಲ್ಲುತ್ತಿತ್ತು. ದುಬಾರಿ ಸ್ಪೋರ್ಟ್ಸ್ ಸೈಲೆನ್ಸರ್ ಹಾಕಿಸಿದವರೂ ಅಷ್ಟೆ, ಹೊಸದು ಕೂರಲಿಲ್ಲವೆಂದು ಹಳೇ ತಗಡನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಾರೆ.

ಹಳೇ ತಗಡು ಸಿಗದಿದ್ದರೆ ಹೊಸದನ್ನು ಮಾಡಿಕೊಳ್ಳಬಹುದು. 0.5ರಿಂದ 0.8 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ ಸಾಕು. ಮೈಮೇಲೆ ಉಬ್ಬು ಇರುವಂಥದ್ದಾದರೆ ಬಗ್ಗಿಸಲು ಸುಲಭ, ನಡುಕವೂ ಕಡಿಮೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಅಳತೆ ನೋಡಿ. ಅಲ್ಯೂಮಿನಿಯಮ್ಮಿನ ಅಂಚು ಬೆರಳನ್ನು ಕೇಳಿ ಕತ್ತರಿಸುವುದಿಲ್ಲ. ಕನ್ವರ್ಟರಿನ ಹತ್ತಿರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬೇಕು, ಏಕೆಂದರೆ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದಕ್ಕೆ ಬಹಳ ಮೊದಲೇ ಮೆತ್ತಗಾಗುತ್ತದೆ.

ಅಸಲಿ ಕೆಲಸ ಮಾಡುವುದು ಮಾತ್ರ ತಗಡಲ್ಲ, ತಗಡಿಗೂ ಡಿಕ್ಕಿಯ ನೆಲಕ್ಕೂ ನಡುವಿನ ಖಾಲಿ ಜಾಗ. ಹೊಳೆಯುವ ಅಲ್ಯೂಮಿನಿಯಂ ತನ್ನತ್ತ ಸೂಸುವ ಕಾವಿನ ಬಹುಪಾಲನ್ನು ವಾಪಸು ಕಳಿಸುತ್ತದೆ, ಉಳಿದದ್ದನ್ನು ನಡುವಿನ ಗಾಳಿ ಒಯ್ಯುತ್ತದೆ. ಹಾಗಾಗಿ ಸ್ಟೀಲಿನ ತುಂಡು ಕೊಳವೆಗಳನ್ನು ನಡುವೆ ಕೊಟ್ಟು 10ರಿಂದ 15 ಮಿಲಿಮೀಟರ್ ಬಿಡಿ. ಅಂದವಾಗಿರಲಿ ಎಂದು ಅಂಚಿಗೆಲ್ಲ ಟೇಪು ಸುತ್ತಿ ಮುಚ್ಚಿದವರು ಬಿಸಿಗಾಳಿಯನ್ನು ಬಂಧಿಸಿಟ್ಟ ಹಾಗಾಯಿತು. ಹಿಂದೆ ಮುಂದೆ ಎರಡೂ ಕಡೆ ಬಾಯಿ ತೆರೆದಿರಬೇಕು. ತಗಡನ್ನು ನೇರ ನೆಲಕ್ಕೇ ಒತ್ತಿ ಬೋಲ್ಟು ಹಾಕಿದರೆ ಕಾವು ಮುಟ್ಟಿಕೊಂಡೇ ಮೇಲೆ ಹತ್ತುತ್ತದೆ. ಸೈಲೆನ್ಸರಿನ ಕಡೆ 20 ಮಿಲಿಮೀಟರಾದರೂ ಇರಲಿ: ಎಂಜಿನ್ ಗೇರಿಗೆ ಬಿದ್ದಾಗೊಮ್ಮೆ ಹಿಂದೆ ಮುಂದೆ ವಾಲುತ್ತದೆ, ಅದಕ್ಕೆ ಬಿಗಿದ ಸೈಲೆನ್ಸರೂ ವಾಲುತ್ತದೆ. ತೂಗುವ ರಬ್ಬರ್ ಹಳಸಿದ್ದರಂತೂ ಕಿಣಿಕಿಣಿ ಮತ್ತೆ ಹಾಜರ್. ಮತ್ತು ದಯವಿಟ್ಟು, ಚೆಂದಕ್ಕೆಂದು ತಗಡಿಗೆ ಕಪ್ಪು ಬಣ್ಣ ಬಳಿಯಬೇಡಿ.

ಹೊಗೆಕೊಳವೆಗೆ ಬ್ಯಾಂಡೇಜಿನಂತೆ ಸುತ್ತುವ, ಶಾಖ ತಾಳುವ ನಾರಿನ ಪಟ್ಟಿಯೂ ಕೆಲಸ ಮಾಡುತ್ತದೆ. 50 ಮಿಲಿಮೀಟರ್ ಅಗಲದ್ದು ತಂದು, ಪ್ರತಿ ಸುತ್ತೂ ಹಿಂದಿನದರ ಮೇಲೆ 6 ಮಿಲಿಮೀಟರ್ ಏರುವಂತೆ ಎಳೆದು ಸುತ್ತಿ ಸ್ಟೀಲ್ ಪಟ್ಟಿಯಿಂದ ಬಿಗಿಯಬೇಕು. ತುಂಬುತೋಳು, ಗ್ಲೌಸು, ಮಾಸ್ಕು ಇಲ್ಲದೆ ಮುಟ್ಟಿದರೆ ಎರಡು ದಿನ ಕೆರೆದುಕೊಳ್ಳುತ್ತಿರಬೇಕು. ಮೊದಲ ಸಲ ಕಾದಾಗ ದಟ್ಟ ಹೊಗೆ ಬರುತ್ತದೆ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟರೆ ಫೈರ್ ಎಂಜಿನ್ ಬರುವುದು ತಪ್ಪುತ್ತದೆ. ಕನ್ವರ್ಟರಿಗೆ ಮಾತ್ರ ಸುತ್ತಬಾರದು, ಅದು ಒಳಗೇ ಬೆಂದುಹೋಗುತ್ತದೆ. ಷಿಕಾಗೋ, ಡೆಟ್ರಾಯಿಟ್ ಕಡೆಯವರು ಈ ಪಟ್ಟಿಯ ಗೊಡವೆಗೇ ಹೋಗದಿರುವುದು ಲೇಸು: ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪಿನ ನೀರನ್ನು ಅದು ಹೀರಿ ಹಿಡಿದು, ಸಾದಾ ಕಬ್ಬಿಣದ ಕೊಳವೆಯನ್ನು ಗುಟ್ಟಾಗಿ ತಿನ್ನುತ್ತದೆ.

ಡಿಕ್ಕಿಯ ಒಳಗಿನ ಹಾಳೆಯ ಸರದಿ ಬರುವುದು ಈಗ. ಕಾರ್ಪೆಟ್ ತೆಗೆದು, ನೆಲವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅಲ್ಯೂಮಿನಿಯಂ ಮುಖದ ಗ್ಲಾಸ್‌ಫೈಬರ್ ಮ್ಯಾಟನ್ನು ಎಂಜಿನ್ ಕಡೆಯ ಗೋಡೆಗೂ ನೆಲಕ್ಕೂ ಹಾಕಿ. ಅಂಟು ಹೆಚ್ಚಿನ ಶಾಖ ತಾಳುವಂಥದ್ದೇ ಇರಲಿ. ನೀರು ಹೋಗುವ ತೂತನ್ನು ಮುಚ್ಚಿಬಿಟ್ಟರೆ ಬಿಸಿ ಡಿಕ್ಕಿಯ ಬದಲು ಬಿಸಿನೀರಿನ ತೊಟ್ಟಿ.

ಗುಣ ಎಷ್ಟು ಎಂದು ಅಳೆಯಲು ಹೊರಟವರು ಇನ್ಫ್ರಾರೆಡ್ ಥರ್ಮಾಮೀಟರನ್ನು ಹೊಳೆಯುವ ತಗಡಿಗೆ ಹಿಡಿದು, ತೀರಾ ಕಡಿಮೆ ಡಿಗ್ರಿ ಕಂಡು ಬೀಗುತ್ತಾರೆ. ಹೊಳಪು ಅದಕ್ಕೆ ಸುಳ್ಳು ಹೇಳಿಸುತ್ತದೆ. ಮಾಸ್ಕಿಂಗ್ ಟೇಪಿನ ಚೂರೊಂದನ್ನು ಒಳಗಿನ ಮ್ಯಾಟಿಗೆ ಅಂಟಿಸಿ ಅದರ ಮೇಲೆ ಅಳೆಯಿರಿ, ಅದೂ ಗಾಡಿ ನಿಲ್ಲಿಸಿ ಕಾಲು ಗಂಟೆ ಬಿಟ್ಟು. ಗಾಡಿ ಓಡುವಾಗ ಗಾಳಿ ಕಾವನ್ನು ಒಯ್ಯುತ್ತಿರುತ್ತದೆ. ನಿಂತ ಮೇಲೆ ಅಷ್ಟೂ ಮೇಲೇರಿ ಡಿಕ್ಕಿಗೇ ಬರುತ್ತದೆ. ಟೇಪು 50 ಡಿಗ್ರಿ ದಾಟುತ್ತಿದ್ದರೆ ಸ್ಪ್ರೇ ಡಬ್ಬಿ, ಲೈಟರು, ಪವರ್ ಬ್ಯಾಂಕು ಅಲ್ಲಿಗೆ ಸೇರಬಾರದು. ಐಸ್‌ಕ್ರೀಮಿನ ಡಬ್ಬವಂತೂ ಪಕ್ಕದ ಸೀಟಿನವರ ತೊಡೆಯ ಮೇಲೇ ಬರಬೇಕು, ಎಸಿಯ ಬಾಯಿ ಅವರ ಕಡೆಗೆ ತಿರುಗಿಸಿ.