ದೇವರು ಕೊಟ್ಟರೂ ಪೂಜಾರಿ ಕೊಡ

ನಮ್ಮ ಮನೆಯ ವಿದ್ಯುತ್ ಕಾರಿನ ಬಾಗಿಲುಗಳಿಗೆ ಹಿಡಿಕೆಗಳಿಲ್ಲ ಎಂದಲ್ಲ. ಇವೆ, ಆದರೆ ನಾಚಿಕೆ ಸ್ವಭಾವದವು. ಯಜಮಾನನ ಜೇಬಿನಲ್ಲಿ ಕೀಲಿ ಇರುವುದು ಖಾತ್ರಿಯಾದ ಮೇಲಷ್ಟೇ ಒಳಗಿನಿಂದ ಮೆಲ್ಲಗೆ ಇಣುಕಿ, ಕೆಲಸ ಮುಗಿಯುತ್ತಲೇ ಮತ್ತೆ ಒಳಗೆ ಸೇರಿಕೊಳ್ಳುತ್ತವೆ. ಮೊದಲ ಸಲ ಕಾರು ನೋಡಲು ಬಂದ ನಮ್ಮ ಸೋದರಮಾವ, ಹತ್ತುವ ದಾರಿ ಕಾಣದೆ ಅದಕ್ಕೆ ಎರಡು ಸುತ್ತು ಬಂದು, ಕೊನೆಗೆ ಬೆರಳಿನ ಉಂಗುರದಿಂದ ಗಾಜನ್ನು ಟಕಟಕನೆ ಬಡಿದು, "ಬಾಗಿಲು ಎಲ್ಲಿಟ್ಟಿದ್ದೀಯೋ?" ಎಂದು ಕೇಳಿದರು. ಗಾಳಿಯ ತಡೆ ಕಡಿಮೆಯಾಗಿ ಬ್ಯಾಟರಿ ಉಳಿಯಲೆಂದು ಹಿಡಿಕೆಗಳನ್ನು ಹೀಗೆ ಹುದುಗಿಸಿದ್ದಾರೆಂದು ನಾನು ಗಂಭೀರವಾಗಿ ವಿವರಿಸಿದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುವುದರಿಂದ ಹೆದ್ದಾರಿಯಲ್ಲಿ ಒಂದಿಷ್ಟು ಲಾಭವಾದೀತು; ನಾನು ಓಡಿಸುವ ವೇಗದಲ್ಲಿ ನಾಲ್ಕು ಬಾಗಿಲಿಗೂ ಬಿಚ್ಚಿದ ಕೊಡೆ ಕಟ್ಟಿದ್ದರೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಸುಖಗಳನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ಕ್ಲಚ್ಚು ತುಳಿಯುವ, ಗೇರು ಬದಲಿಸುವ, ಎಂಜಿನ್ ಆಯಿಲ್ ಹಾಕಿಸುವ ಗೋಜಿಲ್ಲ. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಅಷ್ಟು ಹೊತ್ತು ಚಕ್ರಗಳನ್ನು ತಿರುಗಿಸುತ್ತಿದ್ದ ಮೋಟಾರೇ ಜನರೇಟರಾಗಿ ಬದಲಾಗಿ, ಕಾರಿನ ಓಟವನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ಹಿಂದಿರುಗಿಸುತ್ತ ವೇಗವನ್ನು ಇಳಿಸುತ್ತದೆ. ಒಮ್ಮೆ ಉದ್ದನೆಯ ಇಳಿಜಾರಿನಲ್ಲಿ ಶೇಕಡಾ 61 ಇದ್ದ ಚಾರ್ಜು ಕೆಳಗೆ ಬರುವಷ್ಟರಲ್ಲಿ 63 ಆಗಿದ್ದನ್ನು ಹೆಂಡತಿಗೆ ತೋರಿಸಿ ನಾನು ಬೀಗುತ್ತಿದ್ದೆ. "ಹಾಗಾದರೆ ಹತ್ತುವ ರಸ್ತೆಗೆ ಹೋಗದಿದ್ದರಾಯಿತು ಬಿಡಿ" ಎಂದು ಆಕೆ ಕಿಟಕಿಯ ಕಡೆ ತಿರುಗಿದಳು.

ಈ ಸುಖದ ಬಡ್ಡಿಯನ್ನು ಬೇರೆಯವರ ಕಾರಿನಲ್ಲಿ ಕಟ್ಟಬೇಕಾಗುತ್ತದೆ. ಆರು ತಿಂಗಳು ಒಂದೇ ಪೆಡಲಿನಲ್ಲಿ ಸಂಸಾರ ಮಾಡಿದ ಬಲಗಾಲು, ಭಾವಮೈದುನನ ಪೆಟ್ರೋಲ್ ಕಾರನ್ನು ಅವನ ಮನೆಯ ಅಂಗಳಕ್ಕೆ ತಿರುಗಿಸುವಾಗ, ಎಂದಿನ ವಿಶ್ವಾಸದಿಂದ ಪೆಡಲ್ ಬಿಟ್ಟು ಸುಮ್ಮನೆ ಕುಳಿತುಬಿಟ್ಟಿತು. ಕಾರು ನಿಲ್ಲಲಿಲ್ಲ. ಗೇಟಿಗೂ ಬಂಪರಿಗೂ ಒಂದು ಗೇಣು ಉಳಿದಿದ್ದಾಗ ಕಾಲಿಗೆ ಹಳೆಯ ಜನ್ಮದ ನೆನಪು ಬಂದು ಬ್ರೇಕನ್ನು ಒತ್ತಿತು. ಪಕ್ಕದಲ್ಲಿ ಕುಳಿತಿದ್ದ ಭಾವಮೈದುನ ಬಹಳ ಮರ್ಯಾದೆಯಿಂದ, "ಭಾವ, ನಮ್ಮ ಕಡೆ ಬ್ರೇಕು ಅಂತ ಇನ್ನೊಂದು ಇರುತ್ತದೆ" ಎಂದ.

ಕಾರಿನ ಒಳಗೆ ಗುಂಡಿಗಳ ಜಾಗದಲ್ಲೆಲ್ಲ ಒಂದೇ ದೊಡ್ಡ ಪರದೆ. ತಣ್ಣನೆಯ ಗಾಳಿಯನ್ನು ಮುಖದಿಂದ ಆಚೆ ತಿರುಗಿಸಲು ಹಿಂದೆ ಒಂದು ಬೆರಳು ಸಾಕಾಗಿತ್ತು. ಈಗ ಪರದೆಯಲ್ಲಿ ಮೂರು ಮೆಟ್ಟಿಲು ಇಳಿದು, ಅಲ್ಲಿರುವ ಗಾಳಿಯ ಚಿತ್ರವನ್ನು ಎಳೆಯಬೇಕು. ಎಳೆಯುವ ಹೊತ್ತಿಗೆ ಚಕ್ರ ಹಳ್ಳಕ್ಕಿಳಿದು, ಬೆರಳು ಪಕ್ಕದ ಚಿತ್ರವನ್ನು ಮುಟ್ಟಿ, ಸುಡುಬೇಸಿಗೆಯಲ್ಲಿ ಹೆಂಡತಿಯ ಆಸನ ಬಿಸಿಯಾಗತೊಡಗಿದ್ದು ಹತ್ತು ನಿಮಿಷ ನಮ್ಮಿಬ್ಬರ ಗಮನಕ್ಕೂ ಬರಲಿಲ್ಲ. ಆಕೆಗೆ ಬಂದಾಗ, ನನ್ನ ಗಮನಕ್ಕೂ ಚೆನ್ನಾಗಿಯೇ ಬಂತು. ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ, ಇಂಡಿಕೇಟರು, ವೈಪರು, ಹಾರನ್ನಿನಂಥವಕ್ಕೆ ಕೈಗೆ ಸಿಗುವ ನಿಜವಾದ ಗುಂಡಿಗಳಿರಬೇಕೆಂದು 2026ರ ತನ್ನ ಅಂಕಪಟ್ಟಿಯಲ್ಲಿ ಸೇರಿಸಿದೆ. ಆಸನದ ಬಿಸಿಯನ್ನು ಅವರು ಪಟ್ಟಿಗೆ ಸೇರಿಸದಿರುವುದು ನಮ್ಮ ಮನೆಯ ಅನುಭವ ಅವರಿಗೆ ತಲುಪದ ಕಾರಣ ಇರಬೇಕು.

ಮೌನವಂತೂ ಈ ಕಾರಿನ ದೊಡ್ಡ ಗುಣ. ಎಷ್ಟು ದೊಡ್ಡದೆಂದರೆ, ಕಾನೂನೇ ಅದಕ್ಕೆ ಬಾಯಿ ಕೊಡಬೇಕಾಯಿತು. ದಾರಿಹೋಕರಿಗೆ ಕೇಳಿಸಲೆಂದು, ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ಇಂಥ ಕಾರುಗಳು ಕೃತಕ ಸದ್ದು ಹೊರಡಿಸಬೇಕೆಂಬ ನಿಯಮ ಯೂರೋಪಿನಲ್ಲಿ 2021ರಿಂದ ಎಲ್ಲ ಹೊಸ ವಿದ್ಯುತ್ ಕಾರುಗಳಿಗೂ ಅನ್ವಯಿಸುತ್ತದೆ. ನಮ್ಮದು ಹಿಂದಕ್ಕೆ ಬರುವಾಗ ಹಾರ್ಮೋನಿಯಂನ ಒಂದೇ ಮನೆಯನ್ನು ಒತ್ತಿ ಹಿಡಿದಂತೆ ಕೊರೆಯುತ್ತದೆ.

ಆದರೆ ನನ್ನನ್ನು ನಿಜವಾಗಿ ಕೆಡಿಸಿದ್ದು ಮೊಬೈಲಿನಲ್ಲಿ ಕುಳಿತ ಕಾರಿನ ಆ್ಯಪ್. ಕಾರು ಎಲ್ಲಿ ನಿಂತಿದೆ, ಬಾಗಿಲು ಹಾಕಿದೆಯೇ, ಚಾರ್ಜು ಎಷ್ಟಿದೆ, ಇನ್ನೆಷ್ಟು ದೂರ ಓಡೀತು ಎಂಬುದನ್ನೆಲ್ಲ ಅದು ಕುಳಿತಲ್ಲಿಗೇ ಹೇಳುತ್ತದೆ. ಪೆಟ್ರೋಲ್ ಕಾರಿದ್ದ ಕಾಲದಲ್ಲಿ ಟ್ಯಾಂಕಿನ ಮುಳ್ಳನ್ನು ವಾರಕ್ಕೊಮ್ಮೆ ನೋಡುತ್ತಿದ್ದ ನಾನು, ಈಗ ಹಲ್ಲುಜ್ಜುವಾಗ ಒಮ್ಮೆ, ಊಟದ ನಡುವೆ ಒಮ್ಮೆ, ಮಲಗುವ ಮುನ್ನ ಎರಡು ಸಲ ನೋಡತೊಡಗಿದೆ. ಚಾರ್ಜಿಗೆ ಹಾಕಿದ ದಿನ ಕೇಳುವುದೇ ಬೇಡ. ಶೇಕಡಾ 80ರವರೆಗೆ ದಾಪುಗಾಲು ಹಾಕುವ ವೇಗದ ಚಾರ್ಜರು ಅಲ್ಲಿಂದಾಚೆ ಬಸುರಿಯಂತೆ ನಡೆಯುತ್ತದೆ. ಪೆಟ್ಟಿಗೆಗೆ ಬಟ್ಟೆ ತುಂಬಿದವರಿಗೆ ಇದರ ಮರ್ಮ ಗೊತ್ತು: ಮೊದಲ ಹತ್ತು ಅಂಗಿ ಹೇಗೆ ಎಸೆದರೂ ಹಿಡಿಯುತ್ತವೆ, ಕೊನೆಯ ಎರಡಕ್ಕೆ ಜಾಗ ಮಾಡಿಕೊಡಬೇಕು, ಬ್ಯಾಟರಿಯದೂ ಅದೇ ಕಥೆ, ಅವಸರದಿಂದ ತುರುಕಿದರೆ, ಚಾರ್ಜಾಗುವಾಗ ಅದರ ಎಲೆಕ್ಟ್ರೋಡಿನೊಳಗೆ ಸೇರಬೇಕಾದ ಲಿಥಿಯಂ ಒಳಗೆ ಹೋಗದೆ ಮೈಮೇಲೆ ಲೋಹವಾಗಿ ಕುಳಿತು ಬ್ಯಾಟರಿಯ ಆಯಸ್ಸು ತಗ್ಗುತ್ತದೆ. ತರ್ಕವೆಲ್ಲ ಗೊತ್ತಿದ್ದೂ 97, 97, 97 ಎಂಬ ಅಂಕಿಯನ್ನು ನಾನು ನಿಮಿಷಕ್ಕೊಮ್ಮೆ ದರ್ಶನ ಮಾಡುತ್ತಿದ್ದೆ. ಅದಕ್ಕೇನು ಖರ್ಚೇ ಎಂದುಕೊಂಡಿದ್ದೆ.

ಖರ್ಚು ಇತ್ತು. ಒಂದು ಬೆಳಿಗ್ಗೆ, ಜೇಬಿನಲ್ಲಿ ಕೀಲಿ ಇಟ್ಟುಕೊಂಡು ಕಾರಿನ ಬಳಿ ಹೋದರೆ ಹಿಡಿಕೆಗಳು ಇಣುಕಲಿಲ್ಲ. ಕೀಲಿಯ ಗುಂಡಿ ಒತ್ತಿದೆ, ದೀಪ ಮಿನುಗಲಿಲ್ಲ. ಮೊಬೈಲು ತೆಗೆದರೆ "ವಾಹನವನ್ನು ಸಂಪರ್ಕಿಸಲಾಗುತ್ತಿಲ್ಲ" ಎಂದಿತು. ಆಗ ನಾನು ಆ ವಾಹನಕ್ಕೇ ಒರಗಿಕೊಂಡು ನಿಂತಿದ್ದೆ. ಕೊನೆಯ ಬಾರಿ ಕಂಡ ಚಾರ್ಜು ಶೇಕಡಾ 84. ಕಾರು ತೆರೆಯದಿದ್ದರೆ ಏನು ಮಾಡಬೇಕೆಂಬುದು ಕೈಪಿಡಿಯಲ್ಲಿ ಇತ್ತು, ಕೈಪಿಡಿ ಕಾರಿನ ಒಳಗಿನ ಪರದೆಯಲ್ಲಿ ಇತ್ತು. ಕೊನೆಗೆ ಮಗಳು ತನ್ನ ಮೊಬೈಲಿನಲ್ಲಿ ಹುಡುಕಿ, "ಅಪ್ಪಾ, ಕೀಲಿಯ ಒಳಗೇ ಇನ್ನೊಂದು ಕೀಲಿ ಇದೆಯಂತೆ" ಎಂದಳು. ಇತ್ತು, ಮಗುವಿನ ಆಟಿಕೆಯಷ್ಟು ತೆಳುವಾದ ತಗಡಿನದು. ಅದನ್ನು ಹಾಕುವ ತೂತು ಹಿಡಿಕೆಯ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇತ್ತು. ಆ ಮುಚ್ಚಳ ತೆಗೆಯಲು ನನ್ನ ಹೆಬ್ಬೆರಳಿನ ಉಗುರು ಅರ್ಧ ಹೋಯಿತು.

ಸತ್ತದ್ದು ದೊಡ್ಡ ಬ್ಯಾಟರಿಯಲ್ಲ, ಚಿಕ್ಕದು. ನೆಲದಡಿಯ ದೊಡ್ಡ ಬ್ಯಾಟರಿಯಲ್ಲಿ ನೂರಾರು ವೋಲ್ಟ್ ಇರುವುದರಿಂದ, ಕಾರು ನಿಂತಾಗ ಸುರಕ್ಷತೆಗಾಗಿ ಅದರ ಸಂಪರ್ಕವನ್ನು ಕಡಿದಿಟ್ಟಿರುತ್ತಾರೆ. ಆ ಸಂಪರ್ಕವನ್ನು ಮತ್ತೆ ಕೂಡಿಸುವ ಸ್ವಿಚ್ಚಿಗೂ, ಬಾಗಿಲಿನ ಬೀಗಕ್ಕೂ, ಒಳಗಿನ ಗಣಕಗಳಿಗೂ ಶಕ್ತಿ ಕೊಡುವುದು ಬಾನೆಟ್ಟಿನ ಕೆಳಗೆ ಕುಳಿತ 12 ವೋಲ್ಟಿನ ಪುಟ್ಟ ಬ್ಯಾಟರಿ. ಗರ್ಭಗುಡಿಯಲ್ಲಿ ದೇವರು ತುಂಬಿ ತುಳುಕುತ್ತಿದ್ದ. ಬೀಗದ ಕೈ ಇಟ್ಟುಕೊಂಡ ಪೂಜಾರಿ ನಿದ್ದೆ ಹೋಗಿದ್ದ.

ಎಬ್ಬಿಸಲು ಪಕ್ಕದ ಮನೆಯ ಹಿರಿಯರ ಮುದಿ ಪೆಟ್ರೋಲ್ ಕಾರು ಬರಬೇಕಾಯಿತು. ಕೆಂಪು, ಕಪ್ಪು ಕೇಬಲ್‌ಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದ ಅವರು ತುಸು ಹೊತ್ತು ಎರಡೂ ಕಾರುಗಳನ್ನು ನೋಡಿ, "ನಿಮ್ಮದು ಕರೆಂಟಿನ ಕಾರಲ್ಲವೇ?" ಎಂದರು. ಹೌದೆಂದೆ. "ನನ್ನದು ಪೆಟ್ರೋಲಿನದು." ಹೌದೆಂದೆ. "ಕರೆಂಟು ಬೇಕಾಗಿರುವುದು ಯಾರಿಗೆ?" ನಾನು ಉತ್ತರಿಸದೆ ಬಾನೆಟ್ ಎತ್ತಿದೆ.

ಇದರಲ್ಲಿ ಹಳೆಯ ಸೇಡಿನ ವಾಸನೆಯೂ ಇದೆ. 1899ರಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ಕಾರು, ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಓಡಿಸಿದ್ದು, ವಿದ್ಯುತ್ತಿನದೇ. ಆಗ ಪೆಟ್ರೋಲ್ ಕಾರನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಿತ್ತು, ಅದು ತಿರುಗಿ ಹೊಡೆದರೆ ಕೈ ಮುರಿಯುತ್ತಿತ್ತು. ವಿದ್ಯುತ್ ಕಾರಿಗೆ ಆ ರಗಳೆ ಇರಲಿಲ್ಲ. 1912ರ ಕ್ಯಾಡಿಲಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ, ಬ್ಯಾಟರಿಯಿಂದ ನಡೆಯುವ ಸ್ಟಾರ್ಟರ್ ಬಂದದ್ದೇ ತಡ, ವಿದ್ಯುತ್ ಕಾರಿನ ಆ ಹೆಚ್ಚುಗಾರಿಕೆ ಮುಗಿಯಿತು. ಅಂದು ವಿದ್ಯುತ್ ಕಾರನ್ನು ಸೋಲಿಸಿದ ಆ ಪುಟ್ಟ ಬ್ಯಾಟರಿಯ ವಂಶಸ್ಥನನ್ನೇ ಇಂದು ವಿದ್ಯುತ್ ಕಾರು ಮಾಡುವವರು ಕರೆತಂದು ಬಾಗಿಲು ಕಾಯಲು ಕೂರಿಸಿದ್ದಾರೆ.

ಕೇಬಲ್ ತಗುಲಿಸಿದ ನಿಮಿಷದೊಳಗೆ ನಾಲ್ಕೂ ಹಿಡಿಕೆಗಳು, ಏನೂ ಆಗಿಲ್ಲವೆಂಬಂತೆ, ಒಟ್ಟಿಗೆ ಹೊರಗೆ ಬಂದವು.

ಮಧ್ಯಾಹ್ನ ಸರ್ವಿಸಿನ ಹುಡುಗ ಬಂದು ಲ್ಯಾಪ್‌ಟಾಪ್ ಜೋಡಿಸಿ ಬಹಳ ಹೊತ್ತು ನೋಡಿದ. ಬ್ಯಾಟರಿಗೂ ವಯಸ್ಸಾಗಿತ್ತಂತೆ. ಆಮೇಲೆ, ವೈದ್ಯರು ಕುಡಿತದ ಬಗ್ಗೆ ವಿಚಾರಿಸುವ ದನಿಯಲ್ಲಿ, "ಆ್ಯಪ್ ದಿನಕ್ಕೆ ಎಷ್ಟು ಸಲ ನೋಡ್ತೀರಿ ಸಾರ್?" ಎಂದು ಕೇಳಿದ. ಮೂರೋ ನಾಲ್ಕೋ ಎಂದೆ. ಒಳಗಿನಿಂದ ಹೆಂಡತಿಯ ನಗು ಕೇಳಿಸಿತು. ನಾನು ಪ್ರತಿ ಸಲ ಇಣುಕಿದಾಗಲೂ ಮಲಗಿದ್ದ ಕಾರಿನ ಗಣಕಗಳು ಎದ್ದು ವರದಿ ಒಪ್ಪಿಸಬೇಕು. ಹಾಗೆ ಎದ್ದು ಕುಳಿತಷ್ಟು ಹೊತ್ತೂ ಆ ಚಿಕ್ಕ ಬ್ಯಾಟರಿಯ ಶಕ್ತಿ ಸೋರುತ್ತದೆ. ದೊಡ್ಡ ಬ್ಯಾಟರಿ ಕ್ಷೇಮವೇ ಎಂದು ಕೇಳಿ ಕೇಳಿಯೇ ನಾನು ಚಿಕ್ಕದನ್ನು ಕೊಂದಿದ್ದೆ.

ಹೊಸ ಬ್ಯಾಟರಿ ಹಾಕಿಸಿದೆ. ಆ್ಯಪನ್ನು ದಿನಕ್ಕೆರಡು ಸಲಕ್ಕೆ ಇಳಿಸಿದ್ದೇನೆ; ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇನ್ನೆಂದೂ ಪಕ್ಕದ ಮನೆಯವರ ಮುಂದೆ ತಲೆತಗ್ಗಿಸಬಾರದೆಂದು, ಕೈಯಲ್ಲಿ ಹಿಡಿಯುವಷ್ಟೇ ಗಾತ್ರದ, ಸತ್ತ ಬ್ಯಾಟರಿಗೆ ಜೀವ ಕೊಡುವ ಪೆಟ್ಟಿಗೆಯೊಂದನ್ನು ಕೊಂಡು, ಪೂರ್ತಿ ಚಾರ್ಜು ಮಾಡಿ, ಕಾರಿನ ಡಿಕ್ಕಿಯಲ್ಲಿ ಭದ್ರವಾಗಿ ಇಟ್ಟು, ಹೆಂಡತಿಯನ್ನು ಕರೆದು ತೋರಿಸಿದೆ. ಗುಂಡಿ ಒತ್ತಿದೊಡನೆ ಡಿಕ್ಕಿಯ ಬಾಗಿಲು ತಾನಾಗಿಯೇ ಗಾಂಭೀರ್ಯದಿಂದ ಕೆಳಗಿಳಿದು ಮುಚ್ಚಿಕೊಂಡಿತು. ಆಕೆ ಅದನ್ನೇ ನೋಡುತ್ತ, "ಇದು ತೆರೆಯುವುದು ಯಾವ ಬ್ಯಾಟರಿಯಿಂದ ರೀ?" ಎಂದು ಕೇಳಿದಳು.

ಪೆಟ್ಟಿಗೆ ಈಗ ಚಪ್ಪಲಿ ಗೂಡಿನಲ್ಲಿದೆ.