ಚಿಕ್ಕಪ್ಪನ ಸ್ಟೀಲ್ ಬಾಟಲಿ

ಕಳೆದ ಭಾನುವಾರ ಬಸವನಗುಡಿಯಲ್ಲಿರುವ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವರಿಗೆ ಲಿವರ್ ಕ್ಯಾನ್ಸರ್. ಮಾತ್ರೆ ನಡೆಯುತ್ತಿದೆ. ಅಡುಗೆಮನೆಯಲ್ಲಿ ಒಂದು ಸ್ಟೀಲ್ ಬಾಟಲಿ ಕಂಡಿತು. ಒಳಗೆ ನೆಲನೆಲ್ಲಿ, ಅಮೃತಬಳ್ಳಿ, ಅರಿಶಿನ ಹಾಕಿ ಕುದಿಸಿದ ಕಷಾಯ. ‘ಡಾಕ್ಟರಿಗೆ ಹೇಳಿದ್ದೀರಾ?’ ಅಂದೆ. ‘ಸೊಪ್ಪುಸದೆಗೆಲ್ಲ ಅವರನ್ನೇನು ಕೇಳೋದು?’ ಅಂದರು.

ಯಾವುದೋ ಸೊಪ್ಪಿನ ಸಾರ ಲಿವರ್ ಕ್ಯಾನ್ಸರ್ ಜೀವಕೋಶಗಳನ್ನು ಕೊಂದಿತು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಂತೆ.

ಕೊಂದಿರಬಹುದು. ಆದರೆ ಎಲ್ಲಿ? ಲ್ಯಾಬಿನ ತಟ್ಟೆಯಲ್ಲಿ. ಇಂಥ ಪ್ರಯೋಗಗಳಲ್ಲಿ ಹೆಪ್ ಜಿ2 ಅನ್ನೋ ಜೀವಕೋಶಗಳ ಬಳಕೆ ಜಾಸ್ತಿ. 1970ರ ದಶಕದಲ್ಲಿ ಅರ್ಜೆಂಟೀನಾದ 15 ವರ್ಷದ ಹುಡುಗನೊಬ್ಬನ ಲಿವರ್ ಗೆಡ್ಡೆಯಿಂದ ತೆಗೆದವು ಅವು. ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇವೆ. ತಟ್ಟೆಯಲ್ಲಾದರೆ ಸಾರವನ್ನು ನೇರ ಅವುಗಳ ಮೇಲೆ ಸುರಿಯಬಹುದು. ಹೊಟ್ಟೆಗೆ ಹೋದದ್ದರ ಕತೆ ಬೇರೆ. ಅರಿಶಿನದ ಕರ್ಕ್ಯುಮಿನ್ನನ್ನೇ ನೋಡಿ. ಗ್ರಾಂಗಟ್ಟಲೆ ನುಂಗಿದರೂ ರಕ್ತಕ್ಕೆ ಸೇರುವುದು ಚೂರೇ ಚೂರು. ಕರುಳು, ಲಿವರ್ ಎರಡೂ ಸೇರಿ ಅದರ ರೂಪ ಬದಲಿಸಿ ಹೊರಗೆ ಹಾಕಿಬಿಡುತ್ತವೆ.

ಗಿಡಗಳ ಬಗ್ಗೆ ನನಗೆ ತಾತ್ಸಾರ ಇಲ್ಲ. ಚಿಕ್ಕಮ್ಮನ ಕುಂಡದಲ್ಲೇ ಕಾಶಿ ಕಣಗಿಲೆ ಇದೆ. ಅದರಿಂದಲೇ ಬಂದದ್ದು ವಿನ್‌ಕ್ರಿಸ್ಟಿನ್, ಮಕ್ಕಳ ರಕ್ತ ಕ್ಯಾನ್ಸರಿಗೆ ಈಗಲೂ ಕೊಡುತ್ತಾರೆ. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ (ಹೆಸರೇ ಹಾಗೆ, ನಾನೇನು ಮಾಡಲಿ!) ಕ್ಯಾಂಪ್ಟೊಥೆಸಿನ್ ಅನ್ನೋ, ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುವ ರಾಸಾಯನಿಕ ಇದೆ. ಇದು ಮೊದಲು ಸಿಕ್ಕಿದ್ದು ಚೀನಾ ಮೂಲದ ಒಂದು ಮರದಲ್ಲಿ, ವಿಜ್ಞಾನಿಗಳು ಅದರ ರಚನೆ ಪ್ರಕಟಿಸಿದ್ದು 1966ರಲ್ಲಿ. ಹಾಗೇ ರೋಗಿಗಳಿಗೆ ಕೊಟ್ಟಾಗ ಅಡ್ಡ ಪರಿಣಾಮ ತಡೆಯಲಾಗಲಿಲ್ಲ. ಅದನ್ನು ತಿದ್ದಿ ತೀಡಿ ಮಾಡಿದ ಔಷಧಿಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮೂವತ್ತು ವರ್ಷ! ಅದೂ ಲಿವರ್ ಕ್ಯಾನ್ಸರಿಗಲ್ಲ.

‘ಕುಡಿದರೆ ನಷ್ಟ ಏನಪ್ಪಾ?’ ಅಂದರು ಚಿಕ್ಕಪ್ಪ. ಇದೇ ನನಗೆ ಭಯ ಹುಟ್ಟಿಸುವ ಮಾತು. ಅಮೃತಬಳ್ಳಿ ತೆಗೆದುಕೊಂಡ ಮೇಲೆ ಲಿವರಿಗೆ ಪೆಟ್ಟು ಬಿದ್ದ 6 ರೋಗಿಗಳ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ಬರೆದಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಹಾಗಿರಲಿ. ಮಾತ್ರೆಯನ್ನೂ ಕಷಾಯವನ್ನೂ ಅರಗಿಸಬೇಕಾದದ್ದು ಅದೇ ಲಿವರ್ ಅಲ್ವಾ, ಅದೂ ಈಗಾಗಲೇ ಸೊರಗಿರುವ ಲಿವರ್. ನಾಳೆ ರಕ್ತ ಪರೀಕ್ಷೆಯಲ್ಲಿ ಏರುಪೇರಾದರೆ, ಕಷಾಯದ ವಿಷಯವೇ ಗೊತ್ತಿಲ್ಲದ ಡಾಕ್ಟರು ಮಾತ್ರೆಯ ಮೇಲೆ ಅನುಮಾನಪಟ್ಟು ಅದನ್ನೇ ನಿಲ್ಲಿಸಬಹುದು.

ಇಷ್ಟೆಲ್ಲ ಹೇಳಿದೆ. ಚಿಕ್ಕಪ್ಪ ಟಿವಿ ಹಾಕಿದರು. ಚಿಕ್ಕಮ್ಮ ಮಾತ್ರ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು. ಇವತ್ತು ಫೋನ್ ಮಾಡಿದ್ದರು. ಬುಧವಾರ ಚೆಕಪ್ ಇದೆ, ಫೈಲಿನ ಜೊತೆ ಆ ಬಾಟಲಿಯನ್ನೂ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಾರಂತೆ.