ಡಾರ್ವಿನ್‌ನ ಕಾಪ್ಲಿ ಪದಕ: ಭಾಷಣ ಬದಿಗಿಡಿ, ಠರಾವು ಓದಿ

1864ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ಚಾರ್ಲ್ಸ್ ಡಾರ್ವಿನ್‌ಗೆ ತನ್ನ ಅತ್ಯುನ್ನತ ಗೌರವವಾದ ಕಾಪ್ಲಿ ಪದಕ ಕೊಟ್ಟಿತು. ಈ ವಿಷಯ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಅದು ವಿಕಾಸವಾದಕ್ಕೆ ಸಿಕ್ಕ ಮನ್ನಣೆ ಅನ್ನುವವರು ಒಂದು ಕಡೆ, ವಿಕಾಸವಾದವನ್ನು ಬೇಕೆಂದೇ ಹೊರಗಿಟ್ಟು ಕೊಟ್ಟ ಪದಕ ಅನ್ನುವವರು ಇನ್ನೊಂದು ಕಡೆ. ಆ ಕಾಲದ ಕಾಗದಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಓದಿದರೆ ಎರಡೂ ಮಾತು ನಿಲ್ಲುವುದಿಲ್ಲ.

ಡಾರ್ವಿನ್‌ನ ಹೆಸರು ಹಿಂದೆಯೂ ಸೂಚಿತವಾಗಿ ಸೋತಿತ್ತು. 1863ರ ಪದಕ ಹೋದದ್ದು ಭೂವಿಜ್ಞಾನಿ ಆಡಂ ಸೆಜ್‌ವಿಕ್‌ಗೆ. 1831ರಲ್ಲಿ ಡಾರ್ವಿನ್‌ನನ್ನು ವೇಲ್ಸ್‌ಗೆ ಕರೆದೊಯ್ದು ಬಂಡೆ ಓದಲು ಕಲಿಸಿದ್ದ ಗುರು ಇವರು. ವಿಕಾಸವಾದವನ್ನು ಮಂಡಿಸಿದ ಡಾರ್ವಿನ್‌ನ ಪುಸ್ತಕ ‘ಆರಿಜಿನ್ ಆಫ್ ಸ್ಪೀಶೀಸ್’ ಅನ್ನು ಕಟುವಾಗಿ ವಿರೋಧಿಸಿದವರೂ ಇವರೇ. ಮರುವರ್ಷ ಪ್ರಾಣಿವಿಜ್ಞಾನಿ ಜಾರ್ಜ್ ಬಸ್ಕ್ ಮತ್ತೆ ಡಾರ್ವಿನ್ ಹೆಸರು ಸೂಚಿಸಿದರು, ಹ್ಯೂ ಫಾಲ್ಕನರ್ ಅನುಮೋದಿಸಿದರು. ಫಾಲ್ಕನರ್ ನಮ್ಮಲ್ಲಿ ಇನ್ನಷ್ಟು ಪರಿಚಿತರಾಗಬೇಕಾದ ಮನುಷ್ಯ. ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಲೇ ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳನ್ನು ಅಗೆದು, ಆನೆಗಳ ವಂಶಾವಳಿಯ ಮೇಲೆ ದುಡಿದವರು.

ಅಕ್ಟೋಬರ್ 25ರಂದು ಫಾಲ್ಕನರ್ ಫ್ರಾನ್ಸಿನ ಮೊಂತೋಬಾನ್‌ನಿಂದ ಸೊಸೈಟಿಯ ಕಾರ್ಯದರ್ಶಿ ವಿಲಿಯಂ ಶಾರ್ಪಿಗೆ ಬರೆದ ಕಾಗದವೇ ಇಡೀ ಪ್ರಕರಣದ ಬೆನ್ನೆಲುಬು. ಮತದಾನದ ವೇಳೆ ತಾವು ಊರಲ್ಲಿ ಇರುವುದಿಲ್ಲವೆಂದು ವಾದವನ್ನೆಲ್ಲ ಕಾಗದದಲ್ಲೇ ಇಳಿಸಿದ್ದಾರೆ. ಭೂವಿಜ್ಞಾನದ ಕೆಲಸ, ಹವಳದ ದಿಬ್ಬಗಳು, ಬಾರ್ನಕಲ್‌ಗಳು (ಕಡಲ ಬಂಡೆಗಳಿಗೆ ಅಂಟಿಕೊಂಡಿರುವ ಚಿಪ್ಪುಜೀವಿಗಳು), ಆರ್ಕಿಡ್ ಮತ್ತು ಪ್ರಿಮುಲಾ ಹೂಗಳ ಪರಾಗಸ್ಪರ್ಶ ಎಲ್ಲವನ್ನೂ ಹೇಳಿ, ಕೊನೆಗೆ ‘ಆರಿಜಿನ್’ ಕೂಡ ಈ ಪದಕಕ್ಕೆ ಬಲವಾದ ಹೆಚ್ಚುವರಿ ಹಕ್ಕು ಎಂದು ನೇರವಾಗಿ ಬರೆಯುತ್ತಾರೆ. ಫಾಲ್ಕನರ್ ಡಾರ್ವಿನ್‌ನ ವಿಕಾಸವಾದದ ತಿರುಳಾದ ನೈಸರ್ಗಿಕ ಆಯ್ಕೆಯನ್ನು ಪೂರ್ತಿ ಒಪ್ಪಿದವರಲ್ಲ ಎಂಬುದನ್ನು ನೆನಪಿಟ್ಟು ಓದಿದರೆ ಆ ಸಾಲಿನ ತೂಕ ಗೊತ್ತಾಗುತ್ತದೆ.

ನವೆಂಬರ್ 3ರಂದು ಸೊಸೈಟಿಯ ಆಡಳಿತ ಮಂಡಳಿಯಾದ ಕೌನ್ಸಿಲ್ ತೀರ್ಮಾನಿಸಿತು. ಪ್ರಶಸ್ತಿಗೆ ಕೊಟ್ಟ ಕಾರಣ: ಭೂವಿಜ್ಞಾನ, ಪ್ರಾಣಿವಿಜ್ಞಾನ ಮತ್ತು ಸಸ್ಯಗಳ ಶರೀರಕ್ರಿಯೆ ಕುರಿತ ಮಹತ್ವದ ಸಂಶೋಧನೆಗಳು. ಅಷ್ಟೇ. ‘ಆರಿಜಿನ್’ ಹೆಸರು ಅಲ್ಲಿಲ್ಲ, ಅದನ್ನು ಹೊರಗಿಟ್ಟಿದ್ದೇವೆ ಎಂಬ ಷರತ್ತೂ ಇಲ್ಲ. ಠರಾವು ಮೌನವಾಗಿದೆ. ಆ ಮೌನವನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ಅಂದಿನಿಂದ ಇಂದಿನವರೆಗೆ ಎಲ್ಲರೂ ನೋಡಿದ್ದಾರೆ.

ಮೊದಲು ಎಳೆದವರು ಅಧ್ಯಕ್ಷ ಎಡ್ವರ್ಡ್ ಸಬೈನ್. ನವೆಂಬರ್ 30ರ ವಾರ್ಷಿಕ ಸಭೆಯ ಭಾಷಣದಲ್ಲಿ, ಒಟ್ಟಾರೆಯಾಗಿ ಮತ್ತು ಸಾಮೂಹಿಕವಾಗಿ ಹೇಳುವುದಾದರೆ ‘ಆರಿಜಿನ್’ನ ಸಿದ್ಧಾಂತವನ್ನು ಪ್ರಶಸ್ತಿಯ ಆಧಾರಗಳಿಂದ ಸ್ಪಷ್ಟವಾಗಿ ಕೈಬಿಟ್ಟಿದ್ದೇವೆ ಎಂದರು. ಭಾಷಣವನ್ನು ಅಚ್ಚು ಹಾಕಿಸುವ ಸೂಚನೆ ಮಂಡನೆಯಾದಾಗ ಡಾರ್ವಿನ್ ಪಕ್ಷದ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ ಎದ್ದರು. ಅಧ್ಯಕ್ಷರ ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಬರುವುದಿಲ್ಲ, ಆದರೆ ಕೌನ್ಸಿಲ್ಲಿನ ನಡಾವಳಿ ಓದಿಸಿ ಎಂದು ಸದಸ್ಯನ ಹಕ್ಕಿನಿಂದ ಕೇಳಿದರು. ಓದಿದಾಗ ಅಂಥ ಷರತ್ತು ಎಲ್ಲೂ ಇರಲಿಲ್ಲ. ಇದಕ್ಕಿಂತ ಚೆನ್ನಾಗಿ ಆ ಪ್ರಶ್ನೆ ಎತ್ತಲು ಸಾಧ್ಯವಿರಲಿಲ್ಲ ಎಂದು ನನ್ನ ಭಾವನೆ. ಸಿದ್ಧಾಂತದ ಮೇಲೆ ಜಗಳಕ್ಕಿಳಿದಿದ್ದರೆ ಸಭೆ ಎರಡು ಪಾಲಾಗುತ್ತಿತ್ತು. ದಾಖಲೆ ಕೇಳಿದ್ದಕ್ಕೆ ಎದುರಾಡಲು ಯಾರಿಗೂ ಕಾರಣವೇ ಸಿಗಲಿಲ್ಲ.

ಎಡವುವುದು ಇಲ್ಲಿಂದ ಮುಂದೆ. ಸೊಸೈಟಿಯ ನಿಯತಕಾಲಿಕ ‘ಪ್ರೊಸೀಡಿಂಗ್ಸ್’ನಲ್ಲಿ ಅಚ್ಚಾದ ಭಾಷಣದಲ್ಲಿ ಆ ವಾಕ್ಯ ಮೆತ್ತಗಾಗಿದೆ: ಅದನ್ನು ಪ್ರಶಸ್ತಿಯಲ್ಲಿ ಸೇರಿಸಿಕೊಂಡಿಲ್ಲ ಎಂದಷ್ಟೇ ಇದೆ. ಅಚ್ಚಿನ ಪ್ರತಿ ಮಾತ್ರ ನೋಡಿದವರಿಗೆ ಹಕ್ಸ್ಲಿ ಸುಮ್ಮನೆ ರೇಗಾಡಿದ ಹಾಗೆ ಕಾಣುತ್ತದೆ. ಹಕ್ಸ್ಲಿ ಆಮೇಲೆ ಗೆಳೆಯನಿಗೆ ಸಭೆಯ ಬಗ್ಗೆ ಬರೆದ ಕಾಗದದಿಂದ ಆ ಖಾರದ ವಾಕ್ಯವನ್ನು ಎತ್ತಿಕೊಂಡು ‘ಪ್ರೊಸೀಡಿಂಗ್ಸ್’ನ ಪುಟಸಂಖ್ಯೆ ಕೊಟ್ಟರೆ ಉಲ್ಲೇಖವೇ ಸುಳ್ಳಾಗುತ್ತದೆ. ವಾಕ್ಯದ ಎರಡು ರೂಪಗಳನ್ನೂ ಎದುರುಬದುರು ಇಟ್ಟು, ಯಾವುದು ಸಭೆಯಲ್ಲಿ ಆಡಿದ್ದು, ಯಾವುದು ಅಚ್ಚಾದದ್ದು ಎಂದು ಬೇರೆಬೇರೆಯಾಗಿ ನಮೂದಿಸಲೇಬೇಕು.

ಹಕ್ಸ್ಲಿಯ ಕಾಗದವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸಭೆ ಮುಗಿದು 3 ದಿನವಾದ ಮೇಲೆ, ಡಿಸೆಂಬರ್ 3ರಂದು, ಸಭೆಗೆ ಬಾರದಿದ್ದ ಗೆಳೆಯ, ಸಸ್ಯವಿಜ್ಞಾನಿ ಜೋಸೆಫ್ ಹೂಕರ್‌ಗೆ ಬರೆದದ್ದು ಅದು. ಸಬೈನ್ ಮೇಲೆ ತಮಗೆ ಹಳೆಯ ಅಪನಂಬಿಕೆ ಇದೆ, ಕಿವಿ ನಿಮಿರಿಸಿಕೊಂಡೇ ಹೋಗಿದ್ದೆ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಹಕ್ಸ್ಲಿ, ಹೂಕರ್, ಬಸ್ಕ್ ಮೂವರೂ ಇದ್ದ, ಡಾರ್ವಿನ್ ಪರ ವಿಜ್ಞಾನಿ ಗೆಳೆಯರ ಕೂಟವಾದ ಎಕ್ಸ್ ಕ್ಲಬ್ ಮೊದಲ ಸಲ ಕೂಡಿದ್ದು ಕೌನ್ಸಿಲ್ ತೀರ್ಮಾನಿಸಿದ ಅದೇ ನವೆಂಬರ್ 3ರಂದು. ಪಕ್ಷಪಾತವಿದೆ ಎಂದು ಕಾಗದವನ್ನು ಬಿಸಾಡಬೇಕಿಲ್ಲ. ನಡಾವಳಿ ಎಷ್ಟನ್ನು ಸಮರ್ಥಿಸುತ್ತದೋ ಅಷ್ಟನ್ನು ಮಾತ್ರ ಸಂಗತಿ ಎಂದು ತೆಗೆದುಕೊಂಡು, ಉಳಿದದ್ದನ್ನು ಹಕ್ಸ್ಲಿಯ ಅಭಿಪ್ರಾಯ ಎಂದು ಬರೆದರೆ ಸಾಕು.

ಸಬೈನ್‌ಗೂ ನ್ಯಾಯ ಸಲ್ಲಬೇಕು. ಕೌನ್ಸಿಲ್ ಸಂಸ್ಥೆಯಾಗಿ ಸಿದ್ಧಾಂತಕ್ಕೆ ಮೊಹರು ಒತ್ತಿಲ್ಲ ಎಂಬುದು ನಿಜವೇ, ಠರಾವು ಅದನ್ನು ಅಲ್ಲಗಳೆಯುವುದಿಲ್ಲ. ಕೈಬಿಡಲು ನಿರ್ಧರಿಸಿದ್ದೇವೆ ಎಂಬ ಧ್ವನಿ ಕೊಟ್ಟದ್ದು ಮಾತ್ರ ತಪ್ಪು. ಅಂಥ ನಿರ್ಧಾರವೇ ಆಗಿರಲಿಲ್ಲ.

ದಿನಾಂಕದ ಬಗ್ಗೆ ಒಂದು ಎಚ್ಚರಿಕೆ. ಡಾರ್ವಿನ್ ಎಷ್ಟೋ ಕಾಗದಗಳಲ್ಲಿ ವರ್ಷ ಹಾಕುತ್ತಿರಲಿಲ್ಲ, ಕೆಲವಕ್ಕೆ ವಾರದ ಹೆಸರಷ್ಟೇ ಇರುತ್ತದೆ. ಕೇಂಬ್ರಿಜ್ ಹೊರತಂದ 30 ಸಂಪುಟಗಳ ಪತ್ರಸಂಗ್ರಹದಲ್ಲಿ ಸಂಪಾದಕರು ಊಹಿಸಿ ಸೇರಿಸಿದ ಭಾಗ ಚೌಕಾವರಣದಲ್ಲಿದೆ. ಉಲ್ಲೇಖಿಸುವಾಗ ಆ ಆವರಣ ತೆಗೆದುಹಾಕಿದರೆ ಸಂಪಾದಕರ ಊಹೆ ಡಾರ್ವಿನ್‌ನದೇ ಬರಹವಾಗಿಬಿಡುತ್ತದೆ.

ಪದಕ ಪಡೆದವನ ಮನಸ್ಸಿನಲ್ಲಿ ಏನಿತ್ತು? ಕಾಯಿಲೆಯಿಂದ ಡಾರ್ವಿನ್ ಸಭೆಗೆ ಹೋಗಲಿಲ್ಲ, ಪದಕವನ್ನು ಬಸ್ಕ್ ಸ್ವೀಕರಿಸಿದರು. ಅದೇ ನವೆಂಬರ್ 30ರಂದು ಡಾರ್ವಿನ್ ಡೌನ್ ಹಳ್ಳಿಯಿಂದ ಹಳೆಯ ಗೆಳೆಯ ವಿಲಿಯಂ ಡಾರ್ವಿನ್ ಫಾಕ್ಸ್‌ಗೆ ಬರೆದ ಕಾಗದ ಉಳಿದಿದೆ. ಕೆಲವು ಪ್ರೀತಿಯ ಪತ್ರಗಳು ಬಂದದ್ದು ಬಿಟ್ಟರೆ ಇಂಥದ್ದರಿಂದ ತನಗೆ ಹೆಚ್ಚು ವ್ಯತ್ಯಾಸವಾಗದು, ಆದರೆ ನೈಸರ್ಗಿಕ ಆಯ್ಕೆ ಈ ದೇಶದಲ್ಲಿ ಸ್ವಲ್ಪ ಮುಂದೆ ಸಾಗುತ್ತಿದೆ ಎಂದು ಇದರಿಂದ ತಿಳಿಯುತ್ತದೆ, ಅದು ಸಂತೋಷ ಎನ್ನುತ್ತಾನೆ. ಸಬೈನ್ ಹೊರಗಿಟ್ಟೆವು ಎಂದ ದಿನವೇ ಡಾರ್ವಿನ್ ಹೀಗೆ ಬರೆದ. ಈ ಕಾಗದ ಡಾರ್ವಿನ್ ಪದಕವನ್ನು ಹೇಗೆ ಅರ್ಥಮಾಡಿಕೊಂಡ ಎಂಬುದಕ್ಕೆ ಗಟ್ಟಿ ಸಾಕ್ಷಿ. ಕೌನ್ಸಿಲ್ ಏನು ಉದ್ದೇಶಿಸಿತ್ತು ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಬಳಸುವಂತಿಲ್ಲ.